ಕರ್ಣನನ್ನು ಕೆಡಿಸಿದವರು ಯಾರು?

ಪುಣೆಯ ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಬಂದು ನೆಲೆಸಿದ ವಿಜಯಪುರ, ಕಲಬುರಗಿ ಕಡೆಯ ಮನೆಗಳಲ್ಲಿ ಇಬ್ಬರು ಕರ್ಣರಿದ್ದಾರೆ. ಹಿರಿಯರಿಗೆ ಊರಿನ ಬಯಲಾಟದ ಕರ್ಣ. ಇಲ್ಲೇ ಮರಾಠಿ ಶಾಲೆ ಕಲಿತ ಮಕ್ಕಳಿಗೆ ಶಿವಾಜಿ ಸಾವಂತರ ‘ಮೃತ್ಯುಂಜಯ’ ಕಾದಂಬರಿಯ ಕರ್ಣ. ಅಂಥ ಒಂದು ಮನೆಯ ಹುಡುಗಿ ದ್ರೌಪದಿಯೇ ಹೇಳುವ ಹಾಗೆ ಒಂದು ಕಥೆ ಬರೆದಳು. ತುಂಬಿದ ಸಭೆಯಲ್ಲಿ ತನ್ನನ್ನು ಸೂಳೆಯೆಂದು ಕರೆದ ಕರ್ಣನನ್ನು ಆ ದ್ರೌಪದಿ ಕೊನೆಯವರೆಗೂ ಕ್ಷಮಿಸುವುದಿಲ್ಲ. ಓದಿಸಿ ಕೇಳಿದ ದೊಡ್ಡಪ್ಪ, “ಕರ್ಣನ್ನ ಹಿಂಗ ಕೆಡಸಬಾರದಿತ್ತವ್ವ” ಅಂದರು. “ನನ್ನ ಕಥಿ ದೊಡ್ಡಪ್ಪ, ನನ್ನಿಷ್ಟ” ಅಂದಳು. ಇಬ್ಬರ ಮಾತಿನಲ್ಲೂ ಪ್ರೀತಿಯಿತ್ತು, ಆದರೆ ಎರಡೂ ಮಾತು ಸಾಲವು.

ದೊಡ್ಡಪ್ಪನವರ ತಕರಾರಿನ ಹಿಂದೆ ಒಂದು ನಂಬಿಕೆ ಇದೆ: ಕರ್ಣ ಮೂಲದಲ್ಲಿ ಹೀಗಿರಲಿಲ್ಲ. ಆದರೆ ಆ ಮೂಲ ಎಲ್ಲಿದೆ? ಅದನ್ನು ಹುಡುಕುವ ಕೆಲಸ ನಡೆದದ್ದು ಇದೇ ಪುಣೆಯಲ್ಲಿ, ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ. 1919ರಲ್ಲಿ ಕೈಹಾಕಿ, 1259 ಹಸ್ತಪ್ರತಿಗಳನ್ನು ತಾಳೆ ನೋಡಿ, 1966ರಲ್ಲಿ ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು ಮುಗಿಸಿದರು. ಸ್ವಯಂವರದಲ್ಲಿ ಕರ್ಣ ಬಿಲ್ಲೆತ್ತಲು ಬಂದಾಗ ದ್ರೌಪದಿ ‘ಸೂತನನ್ನು ವರಿಸೆ’ ಎಂದು ತಡೆದಳು ಎನ್ನುವ ಪ್ರಸಂಗ ನಮಗೆಲ್ಲ ಗೊತ್ತು. ಕರ್ಣನ ಮೇಲಿನ ನಮ್ಮ ಅರ್ಧ ಮರುಕ ಹುಟ್ಟುವುದೇ ಅಲ್ಲಿ. ಆ ಆವೃತ್ತಿಯ ಮುಖ್ಯ ಪಾಠದಲ್ಲಿ ಅದಿಲ್ಲ. ಅದನ್ನು ಪ್ರಕ್ಷಿಪ್ತವೆಂದು ಕೆಳಗಿಳಿಸಿದ್ದಾರೆ. ಅಂದರೆ ಹೆಸರು ಉಳಿಯದ ಯಾವನೋ ಒಬ್ಬ ಕರ್ಣಪ್ರೇಮಿ ತನ್ನ ನಾಯಕನ ನೋವಿಗೆ ಕಾರಣ ಬೇಕೆಂದು ಅದನ್ನು ಬರೆದು ಸೇರಿಸಿರಬೇಕು. ನಾವು ಅವನ ಕಲ್ಪನೆಯನ್ನು ವ್ಯಾಸರ ಮಾತೆಂದು ನೂರಾರು ವರ್ಷ ನಂಬಿದೆವು. ಸಭೆಯ ಬೈಗುಳವಾದರೋ ಮುಖ್ಯ ಪಾಠದಲ್ಲೇ ಉಳಿದಿದೆ. ಕರ್ಣನನ್ನು ಕೆಡಿಸಿದ್ದು ಆ ಹುಡುಗಿಯಲ್ಲ.

ಹಾಗಾದರೆ ಬರೆಯುವವರಿಗೆ ಏನು ಮಾಡಲೂ ಹಕ್ಕಿದೆಯೇ? ಹಕ್ಕಿನ ಮಾತೆತ್ತಿದ ಕೂಡಲೇ ಚರ್ಚೆಯ ಬಾಗಿಲು ಮುಚ್ಚುತ್ತದೆ, ಅದಕ್ಕೇ ನನಗದು ಒಪ್ಪಿಗೆಯಿಲ್ಲ. ಪಾತ್ರ ಬೇರೆಯವರಿಂದ ಬಂದದ್ದು. ಅದರ ಜೊತೆ ಬೆಳೆದವರು, ಅತ್ತವರು ಇದ್ದಾರೆ. ಅವರಿಗೆ ಉತ್ತರ ಕೇಳುವ ಅಧಿಕಾರವಿದೆ. ಆದರೆ ಅವರು ಕೇಳಬೇಕಾದ ಪ್ರಶ್ನೆ ‘ಮೂಲಕ್ಕೆ ನಿಷ್ಠೆ ಇದೆಯೇ’ ಎಂಬುದಲ್ಲ. ಒಂದು ಪಾತ್ರವನ್ನು ಎತ್ತಲು ಹೋಗಿ ಪಕ್ಕದವರನ್ನು ಗೊಂಬೆ ಮಾಡಿದ್ದೀಯಾ ಎಂದು ಕೇಳಬೇಕು.

ಈ ಪ್ರಶ್ನೆಯ ಮುಂದೆ ಆದಿಕವಿ ಪಂಪನೂ ತಡವರಿಸುತ್ತಾನೆ. 941ರಲ್ಲಿ, ಆಶ್ರಯದಾತ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು ಕಾವ್ಯ ಕಟ್ಟಿದವನು, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ. ಆದರೆ ಅವಳ ಮುಡಿಯ ಸೇಡು ತೀರಿಸುವ ಪ್ರತಿಜ್ಞೆ ಭೀಮನ ಬಾಯಲ್ಲೇ ಉಳಿಯಿತು. ಹೆಂಡತಿಯ ಮಾನ ಹೋಗುವಾಗ ಗಂಡ ಸುಮ್ಮನಿದ್ದು ಭಾವ ಗುಡುಗಬೇಕಾಯಿತು. ಪಂಪನ ಕರ್ಣ ಎಷ್ಟು ದೊಡ್ಡವನಾದರೂ ಈ ಬಿರುಕು ಕಣ್ಣಿಗೆ ಬೀಳದಿರದು. ಇದನ್ನು ಎತ್ತಿ ತೋರಿಸಿದರೆ ಪಂಪನಿಗೆ ಅವಮಾನವಲ್ಲ. ಅವನನ್ನು ಗಟ್ಟಿಯಾಗಿ ಓದುವ ರೀತಿಯೇ ಅದು.

ಇಂಥ ತಕರಾರು ಹೊಸದಲ್ಲ. ಕುವೆಂಪು 1944ರಲ್ಲಿ ‘ಶೂದ್ರ ತಪಸ್ವಿ’ ನಾಟಕ ಪ್ರಕಟಿಸಿದಾಗ ಮಾಸ್ತಿ ಆಕ್ಷೇಪವೆತ್ತಿದರು. ಜನ ನಂಬಿ ಬಂದ ಕಥೆಯನ್ನು ಇಂದಿನ ಭಾವನೆಗೆ ಒಗ್ಗಿಸಿ ತಿದ್ದುವುದು ಅವರಿಗೆ ಸರಿಕಾಣಲಿಲ್ಲ. ಕುವೆಂಪು ಬರೆದೇ ಉತ್ತರ ಕೊಟ್ಟರು. ಮಾಸ್ತಿಯವರ ಆತಂಕ ಹಗುರವಾದದ್ದಲ್ಲ, ಆದರೂ ನಾನು ಕುವೆಂಪು ಕಡೆ ನಿಲ್ಲುತ್ತೇನೆ. ತಪಸ್ಸು ಮಾಡಿದ್ದಕ್ಕೆ ರಾಮಾಯಣದಲ್ಲಿ ರಾಮನ ಕೈಯಲ್ಲಿ ಸಾಯುವ ಶೂದ್ರ ಶಂಬೂಕನನ್ನು ಉಳಿಸಲು ಅವರು ರಾಮನನ್ನು ಕಟುಕನಾಗಿಸಲಿಲ್ಲ. ರಾಮ ಬಿಟ್ಟ ಬಾಣ ತಪಸ್ವಿಯ ಕಡೆ ಹೋಗದೆ ದೂರು ತಂದ ಬ್ರಾಹ್ಮಣನನ್ನೇ ಅಟ್ಟುತ್ತದೆ. ಆ ಬ್ರಾಹ್ಮಣನನ್ನೂ ಕೊಲ್ಲುವುದಿಲ್ಲ, ಅವನ ಕಣ್ಣು ತೆರೆಸುತ್ತದೆ. ಮೂವರಿಗೂ ಮನುಷ್ಯರಾಗಿ ಉಳಿಯುವ ಎಡೆ ಸಿಕ್ಕಿತು. ಉತ್ತರಪತ್ರಕ್ಕಿಂತ ನಾಟಕದ ಈ ಕಟ್ಟಡವೇ ದೊಡ್ಡ ಸಮರ್ಥನೆ.

ಇನ್ನೊಂದು ಬಗೆಯ ಪ್ರಾಮಾಣಿಕತೆ ಪುಣೆಯ ಇರಾವತಿ ಕರ್ವೆಯವರದು. ‘ಯುಗಾಂತ’ದ ದ್ರೌಪದಿಯ ಅಧ್ಯಾಯದಲ್ಲಿ ಅವರು ಒಂದು ಕಡೆ ನಿಂತು, ಇಲ್ಲಿಯವರೆಗಿನದು ಪರಿಷ್ಕೃತ ಪಾಠದ ಆಧಾರದ್ದು, ಇನ್ನು ಮುಂದಿನದು ನನ್ನದು ಎಂದು ಗೆರೆ ಎಳೆಯುತ್ತಾರೆ. ಮಹಾಭಾರತದಲ್ಲಿ ಹಿಮಾಲಯದ ದಾರಿಯಲ್ಲಿ ದ್ರೌಪದಿ ಮೊದಲು ಬೀಳುತ್ತಾಳೆ. ಅವಳಿಗೆ ಅರ್ಜುನನ ಮೇಲೆ ಹೆಚ್ಚು ಪಕ್ಷಪಾತವಿತ್ತೆಂದು ಧರ್ಮರಾಯ ತೀರ್ಪು ಕೊಟ್ಟು, ತಿರುಗಿಯೂ ನೋಡದೆ ನಡೆಯುತ್ತಾನೆ. ಬಿದ್ದವಳಿಗೆ ಅಲ್ಲಿ ಒಂದು ಮಾತೂ ಇಲ್ಲ. ಕರ್ವೆ ಅವಳನ್ನು ಇನ್ನಷ್ಟು ಹೊತ್ತು ಬದುಕಿಸಿ, ನಡೆದ ಬಾಳನ್ನು ನೆನೆಸಿಕೊಳ್ಳಲು ಬಿಟ್ಟು, ತನ್ನನ್ನು ನಿಜವಾಗಿ ಪ್ರೀತಿಸಿದವನು ಭೀಮನೆಂದು ಕಾಣಿಸುತ್ತಾರೆ. ಇದರಿಂದ ಅರ್ಜುನನಿಗೆ ಅನ್ಯಾಯವಾಯಿತೆಂದು ಯಾರಾದರೂ ಜಗಳ ತೆಗೆಯಬಹುದು. ಗೆರೆ ಎಲ್ಲಿದೆಯೆಂದು ಕರ್ವೆಯೇ ತೋರಿಸಿರುವುದರಿಂದ, ಆ ಜಗಳ ವ್ಯಾಸರ ಮೇಲಲ್ಲ, ನೇರವಾಗಿ ಅವರ ಮೇಲೆಯೇ ಆಗುತ್ತದೆ.