ಕಾಯಕದ ಗಳಿಗೆ



ಕೈಕೊಂಡ ಕಾಯಕವು ನಡೆಯುತ್ತಿರುವಷ್ಟು ಹೊತ್ತು ಗುರು, ಲಿಂಗ, ಜಂಗಮರ ಸೇವೆಯೂ ಅದಕ್ಕೆ ಅಡ್ಡಬರಲಾಗದೆಂದು 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯನವರು ಬೋಧಿಸಿದರು. ಇದನ್ನು ನಾನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಎದೆಗೆ ನಾಟಿದುದು ಮಾತ್ರ ಮೊನ್ನೆ.

ಕುರುಗೋಡಿನಿಂದ ಬಳ್ಳಾರಿಗೆ ಮೋಟಾರು ಸೈಕಲಿನಲ್ಲಿ ಬರುತ್ತಿದ್ದ ಹಳೆಯ ಶಿಷ್ಯನೊಬ್ಬನಿಗೆ, ಹೊತ್ತಾಯಿತೆಂಬ ಆತುರದಿಂದ, ‘ಎಲ್ಲಿದ್ದೀಯಪ್ಪಾ?’ ಎಂದು ಮೊಬೈಲಿನಲ್ಲಿ ಸಂದೇಶ ಕಳಿಸಿದೆನು. ಅವನು ಒಂದೇ ಕೈಯಲ್ಲಿ ಗಾಡಿ ನಡೆಸುತ್ತ ಉತ್ತರ ಬರೆಯತೊಡಗಿದನು. ತಲೆಯೆತ್ತುವಷ್ಟರಲ್ಲಿ ಭತ್ತ ಹೇರಿದ ಟ್ರ್ಯಾಕ್ಟರು ಎದುರಿಗೇ ಇತ್ತು. ಗಾಡಿ ರಸ್ತೆಯ ಬದಿಗೆ ಉರುಳಿತು. ಮೊಣಕೈ ತರಚಿತು, ಜೀವ ಉಳಿಯಿತು. ‘ಯಾಕಪ್ಪಾ ಹಿಂಗ ಮಾಡಿದಿ?’ ಎಂದರೆ, ‘ಗುರುಗಳು ಕೇಳಿದಾಗ ಸುಮ್ಮನಿರೋದು ಹೆಂಗ್ರೀ?’ ಎಂದನು. ತಪ್ಪಿನಲ್ಲಿ ಅರೆಪಾಲು ನನ್ನದೆಂದು ಆಗ ತಿಳಿಯಿತು.

ಇದು ಅಪಾಯವೆಂಬುದು ಯಾರಿಗೆ ಗೊತ್ತಿಲ್ಲ? ಗೊತ್ತಿದ್ದೂ ಕೈ ಅತ್ತ ಹೋಗುವುದೇಕೆ? ಮನಸ್ಸನ್ನು ಶೋಧಿಸಿ ನೋಡಿದರೆ ಮೂರು ಕಾರಣಗಳು ಕಾಣುತ್ತವೆ.

ಮೊದಲನೆಯದು ಆಸೆ. ಬಂದ ಸಂದೇಶ ಹತ್ತರಲ್ಲಿ ಒಂಬತ್ತು ಸಲ ಹುರುಳಿಲ್ಲದ್ದು, ಹತ್ತನೆಯದು ಸಿಹಿಸುದ್ದಿಯಾಗಿರಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಅವರು ಕಳೆದ ಶತಮಾನದಲ್ಲಿ ಪಾರಿವಾಳಗಳನ್ನು ಪರೀಕ್ಷಿಸಿ, ಕಾಳು ಯಾವಾಗ ದೊರೆಯುವುದೆಂದು ತಿಳಿಯದಿದ್ದಾಗಲೇ ಅವು ಬಿಡದೆ ಕುಕ್ಕುವುದನ್ನು ಕಂಡರು. ನಮ್ಮ ಬೆರಳೂ ಅಂಥದೇ ಕೊಕ್ಕು.

ಎರಡನೆಯದು ಅಹಂಕಾರ. ‘ನಿನ್ನೆಯೂ ಹೀಗೆಯೇ ಮಾಡಿದೆ, ಏನಾಯಿತು?’ ಎಂದು ದೈವವಶಾತ್ ಪಾರಾದುದನ್ನು ಸ್ವಂತ ಜಾಣ್ಮೆಯೆಂದು ಎಣಿಸುವುದು. ಬಸವಣ್ಣನವರು ಮನಸ್ಸನ್ನು ಮರ್ಕಟಕ್ಕೆ ಹೋಲಿಸಿದರು. ಮರ್ಕಟವು ಕೊಂಬೆಯಿಂದ ಕೊಂಬೆಗೆ ನೆಗೆಯುವುದೇ ಹೊರತು ಏಕಕಾಲಕ್ಕೆ ಎರಡರ ಮೇಲೆ ಕೂಡದು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವವನು 5 ಸೆಕೆಂಡು ಕಣ್ಣು ತಗ್ಗಿಸಿದರೆ ಸುಮಾರು 83 ಮೀಟರು ಕುರುಡನಂತೆ ಸಾಗಿರುತ್ತಾನೆ. ಸುಗ್ಗಿಯ ದಿನಗಳಲ್ಲಿ ಸಿರುಗುಪ್ಪದ ದಾರಿಯಲ್ಲಿ ಅಷ್ಟರೊಳಗೆ ಒಂದು ಭತ್ತದ ಗಾಡಿ, ಒಂದು ಕುರಿಹಿಂಡು, ಒಂದು ಮಗು ಅಡ್ಡಬರಬಹುದು.

ಮೂರನೆಯದು ದಾಕ್ಷಿಣ್ಯ. ಉತ್ತರ ತಡವಾದರೆ ಹಿರಿಯರು, ಧಣಿಗಳು, ಮನೆಯವರು ಏನೆಂದುಕೊಂಡಾರೋ ಎಂಬ ಅಳುಕು. ನನ್ನ ಶಿಷ್ಯನನ್ನು ಬೀಳಿಸಿದುದು ಇದೇ. ಮಾರಯ್ಯನವರ ಬೋಧೆಗೆ ಇಲ್ಲಿಯೇ ಬೆಲೆ. ವಾಹನ ನಡೆಸುವವನಿಗೆ ಆ ಗಳಿಗೆಯ ಕಾಯಕ ಅದೊಂದೇ. ಗುರುವಿನ ಕರೆಯೂ ಕಾಯಬೇಕಾದಲ್ಲಿ ಮಿಕ್ಕವರ ಮಾತೇನು?

2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಯು ಈ ತಪ್ಪಿಗೆ ಮೊದಲ ಸಲವೇ 5000 ರೂಪಾಯಿಯವರೆಗೆ ದಂಡ ವಿಧಿಸಬಹುದೆನ್ನುತ್ತದೆ. ಆದರೆ ದಂಡದ ಭಯ ಪೊಲೀಸರು ಕಾಣುವಷ್ಟು ದೂರ. ಅರಿವಾದರೋ ನಿರ್ಜನ ದಾರಿಯಲ್ಲಿಯೂ ಜೊತೆಗಿರುವುದು.

ಆದುದರಿಂದ ಹೊರಡುವವರು ಮೊಬೈಲಿನ ಸದ್ದಡಗಿಸಿ ಚೀಲದಲ್ಲಿಡತಕ್ಕದ್ದು. ತೀರ ಅಗತ್ಯವಿದ್ದರೆ ಗಾಡಿಯನ್ನು ಬದಿಗೆ ನಿಲ್ಲಿಸಿ ನೋಡತಕ್ಕದ್ದು. ಮನೆಯಲ್ಲಿ ಕಾಯುವವರು, ದಾರಿಯಲ್ಲಿರುವವರನ್ನು ‘ಎಲ್ಲಿದ್ದೀ?’ ಎಂದು ಕೇಳದಿರತಕ್ಕದ್ದು. ನಾನಂತೂ ಈಗ ಕೇಳುವುದಿಲ್ಲ. ಶಿಷ್ಯನು ತಡವಾಗಿ ಬರಲಿ, ಬರಲಿ.