ಗತ್ತು ಕಟ್ಟಿದವರು ಯಾರು?

ನಾಗಮಂಗಲದ ಕಡೆಯ ಊರಹಬ್ಬಗಳಲ್ಲಿ ಪೂಜಾ ಕುಣಿತ ನೋಡಿದವರಿಗೆ ಇದು ಗೊತ್ತು. ದೇವಿಯ ಮುಖವಿಟ್ಟು ಸೀರೆಗಳಿಂದ ಸಿಂಗರಿಸಿದ ಪೂಜೆಯನ್ನು ತಲೆಯ ಮೇಲೆ ಹೊತ್ತವನು ಕುಣಿಯುತ್ತಾನೆ. ಎಲ್ಲರ ಕಣ್ಣು ಅವನ ಮೇಲೆ. ಆದರೆ ಅವನ ಹೆಜ್ಜೆಯನ್ನು ನಡೆಸುವವರು ಪಕ್ಕದಲ್ಲಿ ನಿಂತ ತಮಟೆಯವರು. ಹುಲ್ಲಿನ ಬೆಂಕಿಗೆ ಚರ್ಮ ಕಾಯಿಸಿ, ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದನೆಯ ತೆಳು ಕಡ್ಡಿ ಹಿಡಿದ ಅವರು ಗತ್ತು ಬದಲಿಸಿದರೆ ಕುಣಿತವೂ ಬದಲಾಗಬೇಕು. ಹಬ್ಬದ ಗತ್ತು ಬೇರೆ, ಸಾವಿನ ಗತ್ತು ಬೇರೆ. ಇವನ್ನು ಯಾರಾದರೂ ಒಂದು ದಿನ ಮೊದಲ ಸಲ ಕಟ್ಟಿರಲೇಬೇಕು. ಕಟ್ಟಿದವರ ಹೆಸರು ಕೇಳಿದರೆ, ‘ಹಿರಿಯರಿಂದ ಬಂದದ್ದು’ ಎನ್ನುತ್ತೇವೆ.

ಬರೀ ತಾಳವಾದ್ಯಗಳಿಗೆ ಕೃತಿ ರಚಿಸಿದವರು ಹೆಸರಾಗಿಲ್ಲವೆಂದಲ್ಲ. ಎಡ್ಗಾರ್ ವರೇಸ್ 1931ರಲ್ಲಿ ಹದಿಮೂರು ವಾದಕರಿಗಾಗಿ ‘ಅಯೋನಿಜೇಷನ್’ ಬರೆದ. ಅದು ಇಂದಿಗೂ ಅವನದೇ. ನಮ್ಮಲ್ಲಿ 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸ್ಥಾಪಿಸಿದ ಟಿ.ಎ.ಎಸ್. ಮಣಿ, ‘ತಾಳ ತರಂಗಿಣಿ’ ತಂಡದ ಮೂಲಕ ಪಕ್ಕವಾದ್ಯಗಳನ್ನು ವೇದಿಕೆಯ ನಡುವೆ ಕೂರಿಸಿದರು. ಅವರ ಹೆಸರೂ ಉಳಿದಿದೆ. ಉಳಿಯದ್ದು ತಮಟೆಯವನದು.

ಕಾನೂನು ಕೂಡ ಹಾಗೆಯೇ ಇತ್ತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಗೀತ ಕೃತಿ ಎಂದರೆ ಸ್ವರಗಳ ಜೋಡಣೆ, ಅದೂ ಬರಹದಲ್ಲಿ ಮೂಡಿದ್ದು. ಸ್ವರವೂ ಬರಹವೂ ಇಲ್ಲದ ತಮಟೆಯ ಗತ್ತು ಅದರ ಕಣ್ಣಿಗೆ ಸಂಗೀತವೇ ಆಗಿರಲಿಲ್ಲ! 1994ರ ತಿದ್ದುಪಡಿ ಆ ಷರತ್ತನ್ನು ತೆಗೆಯಿತು. ಹಾವಾಡಿಗನನ್ನೂ ಪ್ರದರ್ಶಕನೆಂದು ಒಪ್ಪಿತು. 2012ರಲ್ಲಿ ಪ್ರದರ್ಶಕನಿಗೆ ತನ್ನ ಹೆಸರು ಹೇಳಿಸಿಕೊಳ್ಳುವ ನೈತಿಕ ಹಕ್ಕೂ ಬಂತು.

ಗತ್ತಿಗೆ ಒಡೆಯನೆಂದು ಒಬ್ಬನನ್ನು ಹೆಸರಿಸಿದರೆ ಉಳಿದವರು ಬಾರಿಸುವುದು ಹೇಗೆ ಎಂದು ಕೆಲವರು ಕೇಳಬಹುದು. ನಾವು ಕೇಳುತ್ತಿರುವುದು ಒಡೆತನವನ್ನಲ್ಲ, ಹೆಸರನ್ನು. ಹೆಸರಿದ್ದವನಿಗೆ ‘ಬಾರಿಸುವುದಿಲ್ಲ’ ಎನ್ನುವ ಅಧಿಕಾರವೂ ಇರುತ್ತದೆ. ದಲಿತ ಚಳವಳಿಯ ದಿನಗಳಲ್ಲಿ ಎಷ್ಟೋ ಕಡೆ ಜಾತಿಯ ಚಾಕರಿಯಾಗಿ ತಮಟೆ ಬಡಿಯುವುದಿಲ್ಲವೆಂದವರು, ಅದೇ ತಮಟೆಯನ್ನು ತಮ್ಮ ಹೋರಾಟದ ಮೆರವಣಿಗೆಯಲ್ಲಿ ಬಡಿದರು. ಚರ್ಮ ಅದೇ, ಕೋಲು ಅದೇ. ಬದಲಾದದ್ದು ಅಪ್ಪಣೆ ಯಾರದು ಎಂಬುದು.

ನಮ್ಮ ಸಮುದಾಯದಲ್ಲಿ ಈ ಚರ್ಚೆ ಬೇರೆ ದಾರಿ ಹಿಡಿದಿದೆ. ನಿಕಾಹ್‌ನಲ್ಲಿ ದಫ್ ಬಾರಿಸಲು ಹದೀಸಿನ ಆಧಾರವಿದೆ. ಉಳಿದ ವಾದ್ಯಗಳ ಬಗ್ಗೆ ಉಲೇಮಾಗಳಲ್ಲಿ ಭಿನ್ನಮತ. ಜಾಯಿಜೋ ಅಲ್ಲವೋ ಎಂದು ಗಂಟೆಗಟ್ಟಲೆ ವಾದಿಸುವ ನಾವು, ದಫ್ ಹಿಡಿದ ಫಕೀರನ ಹೆಸರು ಕೇಳಿದವರಲ್ಲ.

2024ರ ಸೆಪ್ಟೆಂಬರ್ 11ರಂದು ಇದೇ ನಾಗಮಂಗಲದಲ್ಲಿ ಗಣಪತಿ ಮೆರವಣಿಗೆಯ ವೇಳೆ ಗಲಭೆಯಾಗಿ ಅಂಗಡಿಗಳು ಸುಟ್ಟವು. ಯಾರದು ತಪ್ಪೆಂಬುದನ್ನು ಇಲ್ಲಿ ತೀರ್ಮಾನಿಸಲು ಹೊರಟಿಲ್ಲ. ಆದರೆ ಯಾವ ಊರಿನ ಯಾವ ಮೆರವಣಿಗೆಯಲ್ಲೇ ಆಗಲಿ, ಇನ್ನೊಬ್ಬರ ಬಾಗಿಲ ಮುಂದೆ ನಿಂತು ಗತ್ತು ಜೋರು ಮಾಡೆನ್ನುವವನು ಒಬ್ಬ, ಬಾರಿಸುವವನು ಇನ್ನೊಬ್ಬ. ಸಂತೋಷಕ್ಕೆಂದು ಕಟ್ಟಿದ ಗತ್ತನ್ನು ಕೆಣಕಲು ಬಳಸುವಾಗ ಕಟ್ಟಿದವನನ್ನು ಯಾರೂ ಕೇಳುವುದಿಲ್ಲ. ಕೂಲಿಯವನೆಂದು ಕರೆತಂದವನು ಬೇಡವೆನ್ನುವುದಾದರೂ ಹೇಗೆ?

ಹಬ್ಬದ ಕರಪತ್ರ ತೆಗೆದು ನೋಡಿ. ದಾನಿಗಳ ಹೆಸರಿದೆ, ಮುಖಂಡರ ಫೋಟೋ ಇದೆ, ಶಾಮಿಯಾನದವರ ಫೋನ್ ನಂಬರೂ ಇದೆ. ತಮಟೆಯವರಿಗೆ ಸಿಕ್ಕಿರುವುದು ‘ಸಕಲ ವಾದ್ಯಗಳೊಂದಿಗೆ’ ಎಂಬ ಎರಡು ಪದ.