ಜೀರ್ಣೋದ್ಧಾರ: ಯಾವುದರ ಉದ್ಧಾರ?

ನಮ್ಮ ನುಡಿಯಲ್ಲಿ ‘ಜೀರ್ಣೋದ್ಧಾರ’ ಎಂಬುದು ಪುಣ್ಯದ ಮಾತು. ಸವೆದುದನ್ನು, ಶಿಥಿಲವಾದುದನ್ನು ಮತ್ತೆ ಎತ್ತಿ ನಿಲ್ಲಿಸುವುದು ಎಂದು ಅದರ ಅರ್ಥ. ಆದರೆ ನಾವು ಎತ್ತಿ ನಿಲ್ಲಿಸುವುದು ಯಾವುದನ್ನು? ಜೀರ್ಣವಾದ ಆ ವಸ್ತುವನ್ನೋ, ಅದರ ಎಡೆಯಲ್ಲಿ ನಮ್ಮ ಮನಸ್ಸು ಕಲ್ಪಿಸಿಕೊಂಡ ಇನ್ನೊಂದನ್ನೋ? ಹಿರಿಯರಿಂದ ಬಂದುದನ್ನು ಪ್ರೀತಿಸುವವರಿಗೆಲ್ಲ ಎದುರಾಗುವ ಪ್ರಶ್ನೆಯಿದು. ಈ ಪ್ರಶ್ನೆ ಬಹಳ ತೀವ್ರವಾಗಿ ಚರ್ಚೆಗೆ ಬಂದುದು 19ನೆಯ ಶತಮಾನದ ಇಂಗ್ಲೆಂಡಿನಲ್ಲಿ, ಅಲ್ಲಿನ ಊರೂರಿನ ಪ್ಯಾರಿಷ್ ಚರ್ಚುಗಳ ವಿಷಯದಲ್ಲಿ. ನೆಲ ಬೇರೆ, ನಂಬಿಕೆ ಬೇರೆ. ಆದರೂ ಪ್ರಶ್ನೆ ನಮಗೆ ಪರಕೀಯವಲ್ಲ.

ಪ್ಯಾರಿಷ್ ಎಂದರೆ ಒಬ್ಬ ಪಾದ್ರಿಯ ಹೊಣೆಗೆ ಒಪ್ಪಿಸಿದ ಸೀಮೆ. ಅಲ್ಲಿನ ಚರ್ಚಿಗೆ ಸಾಮಾನ್ಯವಾಗಿ ಎರಡು ಮುಖ್ಯ ಅಂಗಗಳಿರುತ್ತವೆ: ಪಶ್ಚಿಮಕ್ಕೆ ಜನ ಸೇರುವ ಉದ್ದನೆಯ ‘ನೇವ್’, ಪೂರ್ವಕ್ಕೆ ವೇದಿಕೆಯಿರುವ ‘ಚಾನ್ಸೆಲ್’. ಮಧ್ಯಯುಗದ ರೂಢಿಯಂತೆ ಚಾನ್ಸೆಲನ್ನು ದುರಸ್ತಿಯಲ್ಲಿಡುವುದು ದಶಾಂಶ ಕಾಣಿಕೆ ಪಡೆಯುತ್ತಿದ್ದ ರೆಕ್ಟರನ ಹೊಣೆ. ನೇವ್ ಊರವರ ಹೊಣೆ. ಈ ಕಟ್ಟಡಗಳು ಒಬ್ಬ ಶಿಲ್ಪಿಯ ಒಂದು ನಕ್ಷೆಯಿಂದ ಹುಟ್ಟಿದವಲ್ಲ. 12ನೆಯ ಶತಮಾನದ ದುಂಡು ಕಮಾನಿನ ಪಕ್ಕದಲ್ಲಿ 13ನೆಯ ಶತಮಾನದ ಚೂಪು ಕಮಾನು ನಿಂತಿರುತ್ತದೆ. ಜನ ಹೆಚ್ಚಿದಾಗ ಪಕ್ಕದ ಗೋಡೆಯನ್ನು ಕೊರೆದು ಕಂಬಸಾಲು ನಿಲ್ಲಿಸಿ ಪಾರ್ಶ್ವಗಳನ್ನು ಕೂಡಿಸಿದರು. 15ನೆಯ ಶತಮಾನದವರು ಅಗಲವಾದ ಕಿಟಕಿಗಳನ್ನು ತೆರೆದರು. 18ನೆಯ ಶತಮಾನದವರು ಬಾಗಿಲುಳ್ಳ ಪೆಟ್ಟಿಗೆಯಂತಹ ಆಸನಗಳನ್ನು ಇಟ್ಟರು. ಡರಮ್ ಸೀಮೆಯ ಎಸ್ಕಮ್ ಎಂಬ ಹಳ್ಳಿಯಲ್ಲಿ 7ನೆಯ ಶತಮಾನದ ಚರ್ಚೊಂದು ಇಂದಿಗೂ ನಿಂತಿದೆ. ಸಮೀಪದ ಪಾಳು ರೋಮನ್ ಕೋಟೆಯ ಕಲ್ಲುಗಳಿಂದ ಅದನ್ನು ಕಟ್ಟಿದರು. ರೋಮಿನ ಆರನೆಯ ಸೇನಾದಳದ ಹೆಸರು ಕೆತ್ತಿದ ಕಲ್ಲೊಂದು ಅದರ ಗೋಡೆಯಲ್ಲಿ ತಲೆಕೆಳಗಾಗಿ ಕೂತಿದೆ. ಒಂದು ಕಾಲದ ಅಧಿಕಾರಮುದ್ರೆ ಮತ್ತೊಂದು ಕಾಲಕ್ಕೆ ಬರಿಯ ಗೋಡೆಗಲ್ಲು!

ಕೂಡಿಸಿದಂತೆಯೇ ಕಳೆದುದೂ ಉಂಟು. ಮಧ್ಯಯುಗದ ಚರ್ಚಿನ ಗೋಡೆಗಳು ಬಣ್ಣದ ಚಿತ್ರಗಳಿಂದ ತುಂಬಿದ್ದವು. 16ನೆಯ ಶತಮಾನದ ಮತಸುಧಾರಣೆಯಲ್ಲಿ, ಅದರಲ್ಲಿಯೂ 1547ರಲ್ಲಿ ಪಟ್ಟಕ್ಕೆ ಬಂದ ಆರನೆಯ ಎಡ್ವರ್ಡನ ಕಾಲದಲ್ಲಿ, ಅವುಗಳ ಮೇಲೆ ಸುಣ್ಣ ಬಳಿಯಲಾಯಿತು. ಅಂತರ್ಯುದ್ಧದ ನಡುವೆ, 1643–44ರಲ್ಲಿ, ವಿಲಿಯಂ ಡೌಸಿಂಗ್ ಎಂಬಾತ ಪೂರ್ವ ಸೀಮೆಯ ಚರ್ಚುಗಳನ್ನು ಸುತ್ತಿ ವಿಗ್ರಹಗಳನ್ನೂ ಬಣ್ಣದ ಗಾಜುಗಳನ್ನೂ ಒಡೆಸಿದ. ಒಡೆಸಿದುದರ ಲೆಕ್ಕವನ್ನು ದಿನಚರಿಯಲ್ಲಿ ಬರೆದಿಟ್ಟ.

ಇವರು ದ್ವೇಷದಿಂದ ಕೈಯೆತ್ತಿದವರು. ನಮ್ಮನ್ನು ಹೆಚ್ಚು ಕಾಡುವವರು ಪ್ರೀತಿಯಿಂದ ಕೈಯೆತ್ತಿದವರು. 1839ರಲ್ಲಿ ಕೇಂಬ್ರಿಜ್‌ನಲ್ಲಿ ಹುಟ್ಟಿದ ಕ್ಯಾಮ್ಡೆನ್ ಸೊಸೈಟಿ ಪ್ರಾಚೀನ ಚರ್ಚುಗಳಿಗೆ ಅವುಗಳ ಹಿಂದಿನ ವೈಭವವನ್ನು ಮರಳಿಸಲು ಹೊರಟಿತು. 1300ರ ಆಸುಪಾಸಿನ ಗೋಥಿಕ್ ಶೈಲಿಯೇ ಪರಿಪೂರ್ಣವೆಂಬುದು ಅವರ ನಿಲುವು. ಹಿಂದಿನದು ಒರಟು, ಮುಂದಿನದು ಪತನ. ಆದುದರಿಂದ ಒಂದೊಂದು ಚರ್ಚನ್ನೂ ಆ ಶುದ್ಧ ಕಾಲಕ್ಕೆ ಹಿಂತಿರುಗಿಸಬೇಕು! ಮುಂದಿನ ದಶಕಗಳಲ್ಲಿ ಸಾವಿರಾರು ಚರ್ಚುಗಳಲ್ಲಿ ಕೆಲಸ ನಡೆಯಿತು. ಪೆಟ್ಟಿಗೆ ಆಸನಗಳು ಹೋದವು, ತಡವಾಗಿ ಬಂದ ಕಿಟಕಿಗಳು ಹೋದವು. ಕಲ್ಲು ಕಾಣಲೆಂದು ಗೋಡೆಯ ಗಾರೆಯನ್ನು ಕೆರೆದು ತೆಗೆದರು. ಗಾರೆಯೊಡನೆ ಸುಣ್ಣವೂ, ಸುಣ್ಣದೊಡನೆ ಅದರಡಿಯ ಚಿತ್ರಗಳೂ ಹೋದವು. ಅಳಿಸಲೆಂದು ದ್ವೇಷ ಬಳಿದ ಸುಣ್ಣ ಮುನ್ನೂರು ವರ್ಷ ಚಿತ್ರವನ್ನು ಕಾಪಾಡಿತು. ಉದ್ಧರಿಸಲೆಂದು ಬಂದ ಪ್ರೀತಿಯ ಉಳಿ ಅದನ್ನು ಪುಡಿಮಾಡಿತು.

ಇದನ್ನು ಪ್ರತಿಭಟಿಸಿದವರಲ್ಲಿ ಮೊದಲಿಗರು ಜಾನ್ ರಸ್ಕಿನ್. ಗಾಂಧೀಜಿಯವರ ‘ಸರ್ವೋದಯ’ಕ್ಕೆ ಪ್ರೇರಣೆಯಾದ ಗ್ರಂಥದ ಕರ್ತೃವಾಗಿ ನಾವು ಬಲ್ಲ ರಸ್ಕಿನ್ 1849ರಲ್ಲಿಯೇ, ಹಳೆಯ ಕಟ್ಟಡಗಳು ನಮ್ಮವಲ್ಲ, ಕಟ್ಟಿದವರಿಗೂ ನಮ್ಮ ಮುಂದೆ ಬರುವವರಿಗೂ ಸೇರಿದವು ಎಂದು ವಾದಿಸಿದ್ದರು. ಅವರ ವಿಚಾರವನ್ನು ಕಾರ್ಯಕ್ಕೆ ತಂದವರು ಕವಿ, ಕುಶಲಕರ್ಮಿ ವಿಲಿಯಂ ಮಾರಿಸ್. ಬರ್ಫರ್ಡ್ ಊರಿನ ಚರ್ಚಿನಲ್ಲಿ ನಡೆಯುತ್ತಿದ್ದ ಕೆಲಸವನ್ನು ಅವರು ಆಕ್ಷೇಪಿಸಿದಾಗ ಅಲ್ಲಿನ ಪಾದ್ರಿ, ಚರ್ಚು ನನ್ನದು, ಮನಸ್ಸು ಬಂದರೆ ಅದರೊಳಗೆ ತಲೆಕೆಳಗಾಗಿಯೂ ನಿಲ್ಲುವೆನೆಂದು ಉತ್ತರಿಸಿದನೆಂಬ ಪ್ರತೀತಿಯಿದೆ. 1877ರ ಮಾರ್ಚಿನಲ್ಲಿ, ಟ್ಯೂಕ್ಸ್‌ಬರಿಯ ಹಳೆಯ ಮಠದ ಚರ್ಚನ್ನು ಗಿಲ್ಬರ್ಟ್ ಸ್ಕಾಟ್ ಎಂಬ ಪ್ರಖ್ಯಾತ ವಾಸ್ತುಶಿಲ್ಪಿ ನವೀಕರಿಸುತ್ತಿರುವ ಸುದ್ದಿ ಓದಿ, ಮಾರಿಸ್ ಪತ್ರಿಕೆಗೆ ಬರೆದರು. ಅದೇ ವರ್ಷ ಪ್ರಾಚೀನ ಕಟ್ಟಡಗಳ ಸಂರಕ್ಷಣೆಗೆ ಸಂಘವೊಂದು ಸ್ಥಾಪನೆಯಾಯಿತು. ಅದಕ್ಕೆ ‘ಕೆರೆತ ವಿರೋಧಿ’ ಎಂಬ ಅಡ್ಡಹೆಸರು ಬಂತು. ಸೋರುವ ಮಾಡನ್ನು ಸರಿಪಡಿಸಿ, ಬಾಗಿದ ಗೋಡೆಗೆ ಆನಿಕೆ ಕೊಡಿ, ದಿನದಿನದ ಆರೈಕೆಯಿಂದ ನಾಶವನ್ನು ತಡೆಯಿರಿ. ಆದರೆ ಹಳೆಯದರ ವೇಷವನ್ನು ಹೊಸದಕ್ಕೆ ತೊಡಿಸಬೇಡಿ ಎಂಬುದು ಅದರ ತತ್ತ್ವ.

ಟ್ಯೂಕ್ಸ್‌ಬರಿಯ ಚರ್ಚಿಗೂ ಒಂದು ಪೂರ್ವಕಥೆಯಿದೆ. ಎಂಟನೆಯ ಹೆನ್ರಿ ಮಠಗಳನ್ನು ವಿಸರ್ಜಿಸಿದಾಗ ಅದು ನೆಲಸಮವಾಗಬೇಕಿತ್ತು. ಇದು ನಮ್ಮ ಪ್ಯಾರಿಷಿನ ಚರ್ಚೂ ಹೌದು ಎಂದ ಊರವರು, ಗಂಟೆಗಳ ಮತ್ತು ಮಾಡಿನ ಸೀಸದ ಬೆಲೆಯಾಗಿ 453 ಪೌಂಡು ತೆತ್ತು ಅದನ್ನು ಉಳಿಸಿಕೊಂಡರು. ಹೀಗೆ ಹಣಕೊಟ್ಟು ಪಡೆದ ಚರ್ಚು ಅವರ ಮೊಮ್ಮಕ್ಕಳದಲ್ಲವೇ? ಬೇಕಾದಂತೆ ಬದಲಿಸುವ ಹಕ್ಕು ಅವರಿಗಿಲ್ಲವೇ?

ಈ ಆಕ್ಷೇಪವನ್ನು ನಾವು ಹಗುರವಾಗಿ ತಳ್ಳಿಹಾಕಲಾಗದು. ಚರ್ಚು ವಸ್ತುಸಂಗ್ರಹಾಲಯವಲ್ಲ, ಜನ ಪ್ರಾರ್ಥಿಸುವ ಎಡೆ. ಜೊತೆಗೆ, ಗೋಡೆ ಕೊರೆದು ಪಾರ್ಶ್ವ ಕೂಡಿಸಿದ ಮಧ್ಯಯುಗದವರೂ ಪೂರ್ವಿಕರ ಕೆಲಸವನ್ನು ಕೆಡವಿದವರೇ. ಅವರಿಗಿದ್ದ ಸ್ವಾತಂತ್ರ್ಯ ಈಗಿನವರಿಗೆ ಏಕಿಲ್ಲ? ಕುಸಿಯುತ್ತಿದ್ದ ಅನೇಕ ಚರ್ಚುಗಳು ಉಳಿದುದು 19ನೆಯ ಶತಮಾನದವರು ಹಣ ಸುರಿದುದರಿಂದಲೇ ಎಂಬುದನ್ನೂ ಒಪ್ಪಬೇಕು.

ಆದರೂ ಒಂದು ಭೇದವಿದೆ. ಮಧ್ಯಯುಗದ ಕಲ್ಲುಕುಟಿಗ ತನ್ನ ಕಾಲದ ಅಗತ್ಯಕ್ಕೆ ತನ್ನದೇ ಕೈಬರಹದಲ್ಲಿ ಬರೆದ. ಇದು ನನ್ನದು ಎಂಬುದನ್ನು ಮರೆಮಾಚಲಿಲ್ಲ. ನವೀಕರಣಕಾರ ಐನೂರು ವರ್ಷ ಹಿಂದಿನವನ ಕೈಬರಹವನ್ನು ಅನುಕರಿಸಿದ. ನಡುವಿನ ತಲೆಮಾರುಗಳು ಬದುಕಿಯೇ ಇರಲಿಲ್ಲವೆಂಬಂತೆ ಅವರ ಸಾಲುಗಳನ್ನು ಹೊಡೆದುಹಾಕಿದ. ಮೊದಲನೆಯದು ಬದಲಾವಣೆ, ಎರಡನೆಯದು ಅಸತ್ಯ. ಬದಲಿಸುವ ಹಕ್ಕು ಬದುಕಿರುವವರಿಗೆ ಉಂಟು. ಸತ್ತವರ ಪರವಾಗಿ ಸುಳ್ಳು ಸಾಕ್ಷ್ಯ ನುಡಿಯುವ ಹಕ್ಕು ಯಾರಿಗೂ ಇಲ್ಲ. ಹೊಣೆಯ ದೃಷ್ಟಿಯಿಂದಲೂ ಹೀಗೆಯೇ. ದುರಸ್ತಿಯಲ್ಲಿ ತಪ್ಪಿದರೆ ಮುಂದಿನವರು ತಿದ್ದಬಹುದು. ಕೆರೆದುಹೋದ ಚಿತ್ರವನ್ನು ಯಾರೂ ಮರಳಿ ತರಲಾರರು.

ಮಾರಿಸರ ಮನೆಗೆ ಸಮೀಪದ ಇಂಗಲ್‌ಶಮ್ ಹಳ್ಳಿಯ ಪುಟ್ಟ ಚರ್ಚು ಈ ವಿವೇಕಕ್ಕೆ ಸಾಕ್ಷಿ. 1880ರ ದಶಕದ ಕೊನೆಗೆ ಅವರ ಬೆಂಬಲದಿಂದ ಅದು ದುರಸ್ತಿಯಾಯಿತು, ನವೀಕರಣವಾಗಲಿಲ್ಲ. ಅಲ್ಲಿ ಓರೆಯಾದ ಪೆಟ್ಟಿಗೆ ಆಸನಗಳು ಹಾಗೆಯೇ ಇವೆ. ಗೋಡೆಯಲ್ಲಿ 13ನೆಯ ಶತಮಾನದಿಂದ 19ನೆಯದರವರೆಗಿನ ಬಣ್ಣಗಳು ಪದರದ ಮೇಲೆ ಪದರವಾಗಿ ಇಣುಕುತ್ತವೆ. ಯಾವ ಪದರವೂ ಪೂರ್ಣವಲ್ಲ, ಯಾವುದೂ ಸುಳ್ಳಲ್ಲ.

ಗಡಿಯಾಚೆ ಬಾಳುತ್ತಿರುವ ನಮ್ಮ ಕನ್ನಡವೂ ಪದರಗಳ ಗೋಡೆಯೇ. ಅದರಲ್ಲಿ ನೆರೆನುಡಿಗಳ ಬಣ್ಣವಿದೆ, ಅಜ್ಜಿಯರ ಉಚ್ಚಾರವಿದೆ. ಅದನ್ನು ಯಾವುದೋ ಶುದ್ಧ ಕಾಲಕ್ಕೆ ಮರಳಿಸಬೇಕೆಂಬ ಉತ್ಸಾಹ ನಮ್ಮಲ್ಲಿ ಮೂಡಿದಾಗ, ಉಳಿ ಹಿಡಿಯುವ ಮುನ್ನ ಮಾಡು ಸೋರುತ್ತಿದೆಯೇ ಎಂದು ನೋಡುವುದು ಲೇಸು. ಮಕ್ಕಳು ಓದುತ್ತಿರುವರೇ, ಮನೆಯಲ್ಲಿ ಮಾತು ನಡೆಯುತ್ತಿದೆಯೇ ಎಂಬುದೇ ಆ ಮಾಡಿನ ಪರೀಕ್ಷೆ. ಒಡೆಯನಿಗೆ ತನ್ನ ಇಷ್ಟವೊಂದೇ ಲೆಕ್ಕ. ಧರ್ಮದರ್ಶಿ ಕೊಟ್ಟವರಿಗೂ ಪಡೆಯುವವರಿಗೂ ಲೆಕ್ಕ ಒಪ್ಪಿಸಬೇಕು. ಹಿರಿಯರಿಂದ ಬಂದುದರ ಮುಂದೆ ನಾವು ಧರ್ಮದರ್ಶಿಗಳು.